‘ಶಲ್’ ಮತ್ತು ‘ವಿಲ್’

ಆಂಗ್ಲ ವ್ಯಾಕರಣವನ್ನು ಬೋಧಿಸುವಾಗ ನಮ್ಮನ್ನು ಬಹಳವಾಗಿ ಕಾಡುವ ಜೋಡಿಪದಗಳಲ್ಲಿ ‘ಶಲ್’, ‘ವಿಲ್’ ಎಂಬಿವು ಮುಖ್ಯವಾದವು. ಕನ್ನಡದಲ್ಲಿ ‘ಹೋಗುವೆನು’, ‘ಹೋಗುವನು’ ಎಂದು ಪ್ರತ್ಯಯಗಳೇ ಕಾಲವನ್ನೂ ಪುರುಷವನ್ನೂ ತಿಳಿಸುವುದರಿಂದ ಭವಿಷ್ಯತ್ತಿಗೆ ಬೇರೆ ಸಹಾಯಕ ಪದ ಬೇಕಿಲ್ಲ. ಆದುದರಿಂದ ನಮ್ಮ ಮಕ್ಕಳು ಇವೆರಡೂ ಒಂದೇ ಎಂದು ಭ್ರಮಿಸುವುದು ಸಹಜ.

ಮೂಲವನ್ನು ನೋಡಿದರೆ ಭೇದವು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಶಲ್’ ಪದದ ಧಾತುವಿಗೆ ‘ಋಣಿಯಾಗಿರು’ ಎಂದೂ, ‘ವಿಲ್’ ಪದದ ಧಾತುವಿಗೆ ‘ಇಚ್ಛಿಸು’ ಎಂದೂ ಅರ್ಥ. ಒಂದು ಕಟ್ಟುಪಾಡು, ಇನ್ನೊಂದು ಸಂಕಲ್ಪ. 1653ರಲ್ಲಿ ಜಾನ್ ವಾಲಿಸ್ ಎಂಬ ವಿದ್ವಾಂಸನು ತನ್ನ ವ್ಯಾಕರಣದಲ್ಲಿ ಇದಕ್ಕೊಂದು ನಿಯಮವನ್ನು ಹೇಳಿದನು. ಉತ್ತಮ ಪುರುಷದಲ್ಲಿ ‘ಶಲ್’, ಉಳಿದೆರಡರಲ್ಲಿ ‘ವಿಲ್’ ಬಂದರೆ ಬರಿಯ ಮುನ್ಸೂಚನೆ. ಅದಲುಬದಲಾದರೆ ವಾಗ್ದಾನ ಅಥವಾ ಬೆದರಿಕೆ. ನೀರಿಗೆ ಬಿದ್ದವನೊಬ್ಬನು ಇವೆರಡನ್ನು ಅದಲುಬದಲು ಮಾಡಿ ಕೂಗಿದನಂತೆ. ‘ಮುಳುಗಿಯೇ ತೀರುವೆನು, ಯಾರೂ ರಕ್ಷಿಸಕೂಡದು’ ಎಂದು ಅರ್ಥವಾಗಿ ದಡದವರು ಸುಮ್ಮನೆ ನಿಂತರೆಂಬುದು ಉಪಾಧ್ಯಾಯರೆಲ್ಲ ಬಲ್ಲ ಹಳೆಯ ವಿನೋದ.

ಇಂದಿನ ಬಳಕೆಯಲ್ಲಿ ಈ ನಿಯಮ ಸಡಿಲವಾಗಿದೆ. ಆಡುಮಾತಿನಲ್ಲಿ ಮೂರು ಪುರುಷಗಳಿಗೂ ‘ವಿಲ್’ ಸಾಕಾಗುತ್ತದೆ. ‘ಹೋಗೋಣವೇ?’ ಎಂಬಂಥ ಪ್ರಶ್ನೆಯಲ್ಲಿಯೂ ಕಾನೂನಿನ ಭಾಷೆಯಲ್ಲಿಯೂ ‘ಶಲ್’ ಉಳಿದುಕೊಂಡಿದೆ. ಕಾನೂನಿನ ‘ಶಲ್’ ಪದಕ್ಕೆ ನಮ್ಮಲ್ಲಿ ‘ತಕ್ಕದ್ದು’ ಎಂಬ ಒಳ್ಳೆಯ ರೂಪವುಂಟು: ‘ಮಾಡುವನು’ ಎಂದರೆ ‘ವಿಲ್’, ‘ಮಾಡತಕ್ಕದ್ದು’ ಎಂದರೆ ‘ಶಲ್’. ಹೀಗೆ ಕನ್ನಡದ ಮೂಲಕ ತೋರಿಸಿದರೆ ಮಕ್ಕಳಿಗೆ ಬೇಗನೆ ಹಿಡಿಸುತ್ತದೆ.

ಗಡಿಪ್ರದೇಶದ ನಮಗೆ ಇದು ಕೇವಲ ಪರೀಕ್ಷೆಯ ಅಂಕಗಳ ಮಾತಲ್ಲ. ಹಿಂದೊಮ್ಮೆ ಕನ್ನಡ ಉಪಾಧ್ಯಾಯರೊಬ್ಬರ ನೇಮಕಕ್ಕಾಗಿ ಊರವರು ಕಳುಹಿಸಿದ ಮನವಿಗೆ ‘ವಿಲ್ ಬಿ ಕನ್ಸಿಡರ್ಡ್’ ಎಂಬ ಉತ್ತರ ಬಂದಿತು. ವ್ಯಾಕರಣ ಹೇಳಿಕೊಡುವ ನಾವೇ ಅದನ್ನು ವಾಗ್ದಾನವೆಂದು ತಿಳಿದು ಎರಡು ವರ್ಷ ಕಾದೆವು. ಅದು ಬರಿಯ ಮುನ್ಸೂಚನೆಯಾಗಿತ್ತು.

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯಲ್ಲಿರುವುದು ‘ಶಲ್’. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. ಇಲ್ಲಿ ‘ತಕ್ಕದ್ದು’ ಅಂಟಿಕೊಂಡಿರುವುದು ಪ್ರಯತ್ನಕ್ಕೆ. ರಾಷ್ಟ್ರಪತಿಗಳ ನಿರ್ದೇಶದ ವಿಷಯದಲ್ಲಿ ಬಂದಿರುವುದು ‘ಮೇ’, ಎಂದರೆ ‘ನೀಡಬಹುದು’. ಆದಕಾರಣ ‘ಶಲ್’ ಕಂಡೊಡನೆ ಹಿಗ್ಗದೆ, ಅದು ಯಾವ ಕ್ರಿಯೆಯನ್ನು ಬಿಗಿದಿದೆಯೆಂದು ನೋಡಬೇಕು. ಮನವಿ ಬರೆಯುವ ಕೈಗಳು ನಾಳೆ ನಮ್ಮ ವಿದ್ಯಾರ್ಥಿಗಳವೇ. ಈ ಎಚ್ಚರವನ್ನು ಅವರಿಗೆ ತರಗತಿಯಲ್ಲಿಯೇ ಕಲಿಸೋಣ.