ಹಳೇ ಕಾರಿನ ಮುಂದೆ ‘ಕಟ್ ಕಟ್’ ಸದ್ದೇ? ಯಾವಾಗ ಬರುತ್ತೆ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಹೊಲದ ದಾರಿಯಲ್ಲಿ ಓಡಿಸುತ್ತಿದ್ದೀರಾ? ಮುಂದಿನ ಚಕ್ರದ ಹತ್ತಿರ ‘ಕಟ್ ಕಟ್’ ಅಂದರೆ ಮೊದಲು ವೀಲ್ ನಟ್ ಬಿಗಿ ಇದೆಯಾ ನೋಡಿ. ಆಮೇಲೆ ಸದ್ದು ಯಾವಾಗ ಬರುತ್ತೆ ಅಂತ ಗಮನಿಸಿ.

• ಸಣ್ಣ ಗುಂಡಿಗಳಲ್ಲಿ ನಿಧಾನ ಹೋಗುವಾಗ: ಹೆಚ್ಚಾಗಿ ಲಿಂಕ್ ರಾಡ್ ಸವೆದಿರುತ್ತೆ.
• ಬ್ರೇಕ್ ಒತ್ತಿದಾಗ ಒಂದೇ ಸಲ ‘ಧಡ್’: ಲೋವರ್ ಆರ್ಮ್ ಬುಷ್, ಬ್ರೇಕ್ ಕ್ಯಾಲಿಪರ್ ಬೋಲ್ಟ್ ನೋಡಿಸಿ.
• ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕ ಟಕ’: ಆಕ್ಸಲ್‌ನ ಹೊರಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿರಬಹುದು.

ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಇದ್ದರೆ ಸಾಮಾನ್ಯವಾಗಿ ಟೈ ರಾಡ್ ಎಂಡ್. ಮೇಲೆ-ಕೆಳಗೆ ಹಿಡಿದಾಗ ಸಡಿಲ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ.

ಲಿಂಕ್ ರಾಡ್ ಆದರೆ ನಾಲ್ಕು ದಿನ ತಡೆಯುತ್ತೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಆದರೆ ಮುಂದಕ್ಕೆ ಹಾಕಬೇಡಿ. ಓಡುವಾಗ ಕಳಚಿದರೆ ಚಕ್ರ ಎತ್ತಲೋ ತಿರುಗಿ, ಗಾಡಿ ಕೈಗೆ ಸಿಗಲ್ಲ. ಮಾಲು ತುಂಬಿ ಸಂತೆಗೆ ಹೊರಡುವ ಮುಂಚೆಯೇ ಬದಲಾಯಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಪಕ್ಕದಲ್ಲಿ ಕೂತವರಿಂದ ಸದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಸಿ ಮೆಕ್ಯಾನಿಕ್‌ಗೆ ಕೇಳಿಸಿ. ಬೇಡದ ಪಾರ್ಟಿನ ಖರ್ಚು ಉಳಿಯುತ್ತೆ.