ಉಪನಗರದ ವಾಚನಾಲಯವೂ ಇಂಗ್ಲಿಷ್ ಕಲಿಯುವ ಕನ್ನಡಿಗನೂ

ಮುಂಬಯಿಯ ಕನ್ನಡ ಸಂಘಗಳ ಪುಸ್ತಕ ಭಂಡಾರಗಳು ಬಹುಮಟ್ಟಿಗೆ ಓದಬಲ್ಲವರು ಓದಬಲ್ಲವರಿಗಾಗಿ ಕಟ್ಟಿದವು. ನಾಡನ್ನು ಬಿಟ್ಟುಬಂದ ವಿದ್ಯಾವಂತನು ತನ್ನ ನುಡಿಯ ಗ್ರಂಥಗಳನ್ನು ಕಣ್ಣೆದುರಿಗೆ ಇರಿಸಿಕೊಳ್ಳಬಯಸಿದುದು ಸಹಜವೇ. ಆದರೆ ಅವನೊಡನೆ ಅದೇ ಊರಿಗೆ ಬಂದ ಇನ್ನೊಬ್ಬ ಕನ್ನಡಿಗನಿದ್ದಾನೆ. ಹೋಟೆಲಿನ ಮಾಣಿ, ಕಟ್ಟಡದ ಕೂಲಿಗಾರ, ಮನೆಗೆಲಸದ ಹೆಣ್ಣುಮಗಳು, ಇವರಿಗೆ ಮೊದಲು ಬೇಕಾದುದು ಬ್ಯಾಂಕಿನ ಅರ್ಜಿಯನ್ನೋ ಆಸ್ಪತ್ರೆಯ ಚೀಟಿಯನ್ನೋ ಪರರ ಹಂಗಿಲ್ಲದೆ ಓದಿಕೊಳ್ಳುವಷ್ಟು ಇಂಗ್ಲಿಷು. ವಾಚನಾಲಯವು ಇವರಿಗೂ ಸೇರಿದುದೇ ಎಂಬುದು ಇಲ್ಲಿಯ ಪ್ರಶ್ನೆ.

1957ರಲ್ಲಿ ಬೃಹನ್ಮುಂಬಯಿಗೆ ಸೇರಿದ ದಹಿಸರ್, ಪಶ್ಚಿಮ ರೈಲುಮಾರ್ಗದಲ್ಲಿ ನಗರದ ಮೇರೆಯೊಳಗಿನ ಕಡೆಯ ನಿಲ್ದಾಣ. ಮುಂದಿನ ಮೀರಾ ರೋಡ್ ಠಾಣೆ ಜಿಲ್ಲೆಯದು. ನಗರದ ಹೆಸರಾಂತ ಹಳೆಯ ಗ್ರಂಥಾಲಯಗಳು ಬಹುವಾಗಿ ದಕ್ಷಿಣದ ಕೋಟೆ ಪ್ರದೇಶದಲ್ಲಿವೆ. ದಿನವಿಡೀ ದುಡಿದವನು ಪುಸ್ತಕಕ್ಕಾಗಿ ಗಂಟೆಗಟ್ಟಲೆ ರೈಲಿನಲ್ಲಿ ನಿಂತು ಹೋಗಲಾರ. ಅವನ ಪಾಲಿಗೆ ಮನೆಯ ಬಳಿಯ ಒಂದು ಕೋಣೆಯ ವಾಚನಾಲಯವೇ ವಿದ್ಯಾಪೀಠ. ಅವನು ಮಂದಮತಿಯೂ ಅಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಕನ್ನಡವನ್ನು, ಬೀದಿಯಲ್ಲಿ ಮರಾಠಿ ಹಿಂದಿಗಳನ್ನು ಕಲಿತವನಿಗೆ ಇಂಗ್ಲಿಷು ಐದನೆಯ ಭಾಷೆ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಬಳಕೆಗೆಂದು ಸಾರುತ್ತದೆ; ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಲ್ಲಬೇಕೆನ್ನುತ್ತದೆ. ಇವನ್ನು ದಹಿಸರಿಗೆ ಅನ್ವಯಿಸಿದರೆ ಕೆಲವು ಕ್ರಮಗಳು ತಾವಾಗಿ ಹೊರಡುತ್ತವೆ. ಹೋಟೆಲಿನ ಕೆಲಸ ಮುಗಿದ ಬಳಿಕವೂ ಬಾಗಿಲು ತೆರೆದಿರಬೇಕು. ಅಂಗಡಿಯಲ್ಲೇ ಮಲಗುವವನಿಂದ ವಿಳಾಸದ ದಾಖಲೆಯನ್ನೂ ಠೇವಣಿಯನ್ನೂ ಕೇಳುವುದೆಂದರೆ ಅವನನ್ನು ಹೊರಗಿಟ್ಟಂತೆ. ಸದಸ್ಯನೊಬ್ಬನ ಜಾಮೀನಿನ ಮಾತು ಸಾಕು. ಕಲಿಯುವ ವಯಸ್ಕನ ಕೈಗೆ ಮಕ್ಕಳ ಪ್ರಥಮ ಪುಸ್ತಕವನ್ನು ಕೊಡಬಾರದು. ಅದು ಅವನನ್ನು ನಾಚಿಸುತ್ತದೆ. ಬ್ಯಾಂಕಿನ ಅರ್ಜಿ, ಔಷಧದ ಪೊಟ್ಟಣ, ಒಂದೇ ದಿನದ ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳು, ಇವೇ ಅವನಿಗೆ ತಕ್ಕ ಪಾಠಗಳು.

ನಿಘಂಟಿನ ಆಯ್ಕೆಯಲ್ಲೂ ವಿವೇಚನೆ ಬೇಕು. 1894ರ ಕಿಟ್ಟೆಲ್ ನಿಘಂಟು ಅಮೂಲ್ಯವಾದುದು. ಆದರೆ ಅದು ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥವನ್ನು ಹೇಳುತ್ತದೆ. ಇಂಗ್ಲಿಷ್ ಪದದೆದುರು ನಿಂತವನಿಗೆ ಬೇಕಾದುದು ಇಂಗ್ಲಿಷ್-ಕನ್ನಡ ನಿಘಂಟು. ಕಲಿಸುವವನು ಎರಡು ಭಾಷೆಗಳ ಭೇದವನ್ನೂ ಬಲ್ಲವನಾಗಿರಬೇಕು. ಕನ್ನಡದಲ್ಲಿ ಬರೆದಂತೆ ಓದು, ಇಂಗ್ಲಿಷಿನಲ್ಲಿ ಹಾಗಲ್ಲ. ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನದು ಕರ್ಮಪದಕ್ಕೆ ಮುಂಚೆ. ನಮ್ಮ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟುತ್ತದೆ, ಅದೇ ಕೆಲಸವನ್ನು ಮಾಡುವ ಇಂಗ್ಲಿಷ್ ಪದ ನಾಮದ ಮುಂದೆ ಬೇರೆಯಾಗಿ ನಿಲ್ಲುತ್ತದೆ. ಇಷ್ಟನ್ನು ಕನ್ನಡದಲ್ಲೇ ತಿಳಿಯಹೇಳಿದರೆ ಕಲಿಯುವವನ ಎಷ್ಟೋ ದಿನಗಳ ತೊಳಲಾಟ ತಪ್ಪುತ್ತದೆ.

ಕನ್ನಡ ಸಂಘವೇ ಇಂಗ್ಲಿಷನ್ನು ಕಲಿಸುವುದು ತಕ್ಕುದೇ ಎಂಬ ಆಕ್ಷೇಪ ಏಳಬಹುದು. ಹಗಲು ದುಡಿದು ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರನ್ನು ಮುಂಬಯಿ ಬಲ್ಲದು. ಆ ಶಾಲೆಗಳಿಂದ ಕನ್ನಡಕ್ಕೆ ಕುಂದಾಗಲಿಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಗ್ರಂಥಾಲಯವು 1977ರಲ್ಲಿ ವಲಸಿಗರಿಗಾಗಿ ಆರಂಭಿಸಿದ ಕಾರ್ಯಕ್ರಮವು ಅವರವರ ಭಾಷೆಯ ಪುಸ್ತಕಗಳನ್ನು ಒದಗಿಸುವುದನ್ನೂ ತನ್ನ ಕೆಲಸವೆಂದೇ ಎಣಿಸಿತು. ಹೊಸ ಭಾಷೆಗೆ ದಾರಿ ತೋರುವುದಕ್ಕೂ ತಾಯಿನುಡಿಯನ್ನು ಕಾಯುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದು ನಿದರ್ಶನ.

ಅರ್ಜಿಯನ್ನು ತುಂಬಲು ಬಂದವನು ಕಪಾಟಿನ ಕನ್ನಡ ಕಾದಂಬರಿಯನ್ನು ಕಂಡು ಕೈಗೆತ್ತಿಕೊಳ್ಳಬಹುದು. ಬಾಗಿಲಿನಿಂದಲೇ ಹಿಂದಿರುಗಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಓದುಗರು ಕಡಿಮೆಯಾದರೆಂದು ಕೊರಗುವ ಸಂಘಗಳು, ಇನ್ನೂ ಓದುಗನಾಗದೆ ಹೊಸ್ತಿಲಲ್ಲಿ ನಿಂತಿರುವವನನ್ನು ಮೊದಲು ಒಳಗೆ ಕರೆಯುವುದು ಯುಕ್ತ.