ಇಲಿಗೆ ಅಂಟಿಸಿದ ಮನುಷ್ಯನ ಮರೆವು

ಇಲಿಗೆ ತಾನಾಗಿ ಆಲ್ಝೈಮರ್ ಕಾಯಿಲೆ ಬರುವುದಿಲ್ಲ. ಎರಡು–ಮೂರು ವರ್ಷವಷ್ಟೇ ಬದುಕುವ ಜೀವಕ್ಕೆ ಮುಪ್ಪಿನ ಮರೆವಿಗೆಲ್ಲಿ ಪುರುಸೊತ್ತು ಎನ್ನಬಹುದು. ಕಾರಣ ಅದೊಂದೇ ಅಲ್ಲ. ರೋಗಿಯ ಮಿದುಳಲ್ಲಿ ಗಂಟುಗಟ್ಟುವ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕು ಇಲಿಯಲ್ಲೂ ಇದೆ. ಆದರೆ ಮೂರು ಅಮೈನೋ ಆಮ್ಲಗಳು ಬೇರೆ. ಅಷ್ಟರಿಂದಲೇ ಅದು ಸುಲಭಕ್ಕೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಮನುಷ್ಯನ ಜೀನನ್ನೇ ಇಲಿಯೊಳಗೆ ಸೇರಿಸಿದರು.

ಮೊದಲ ಗೆಲುವು 1995ರಲ್ಲಿ. ಮರುವರ್ಷ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕರೆನ್ ಶಿಯಾವ್ ತಂಡ, ಸ್ವೀಡನ್ನಿನ ಕುಟುಂಬಗಳಲ್ಲಿ ಕಂಡಿದ್ದ ಜೀನ್ ದೋಷವನ್ನು ಹೊತ್ತ ಟಿಜಿ2576 ಎಂಬ ಇಲಿಯನ್ನು ರೂಪಿಸಿತು. ಅದರ ನೆನಪನ್ನು ಅಳೆಯುವ ಬಗೆ ನೋಡಿ: ದುಂಡು ತೊಟ್ಟಿಯ ತುಂಬ ಹಾಲಿನಂತೆ ಕದಡಿದ ನೀರು, ನೀರಿನ ಮಟ್ಟದ ತುಸು ಕೆಳಗೆ ಕಣ್ಣಿಗೆ ಬೀಳದ ಒಂದು ಹಲಗೆ. ಈಜು ಬೇಡವಾದ ಇಲಿ ಕೋಣೆಯ ಗುರುತುಗಳನ್ನು ಹಿಡಿದು ದಿನದಿಂದ ದಿನಕ್ಕೆ ಬೇಗ ಹಲಗೆ ಹತ್ತಲು ಕಲಿಯುತ್ತದೆ. ಒಂಬತ್ತು–ಹತ್ತು ತಿಂಗಳು ತುಂಬಿದ ಟಿಜಿ2576 ಇಲಿಗಳಿಗೆ ಆ ಕಲಿಕೆ ಕಷ್ಟವಾಯಿತು. ಅವುಗಳ ಮಿದುಳಿನ ತೆಳು ಪದರಗಳಿಗೆ ಕಾಂಗೋ ರೆಡ್ ಹಚ್ಚಿದರೆ ಅಮೈಲಾಯ್ಡ್ ಗಂಟುಗಳು ಎದ್ದು ಕಾಣುತ್ತವೆ. ಹತ್ತಿಬಟ್ಟೆಗೆಂದು ಹುಟ್ಟಿದ ಬಣ್ಣ ಅದು!

1999ರಲ್ಲಿ ವಿಜ್ಞಾನಿ ಡೇಲ್ ಶೆಂಕ್ ತಂಡ ಇಂಥ ಇಲಿಗಳಿಗೆ ಅಮೈಲಾಯ್ಡನ್ನೇ ಲಸಿಕೆಯಾಗಿ ಕೊಟ್ಟಿತು. ಆರು ವಾರದ ಮರಿಗಳಿಂದ ಶುರುಮಾಡಿದಾಗ ಗಂಟುಗಳು ಹೆಚ್ಚುಕಡಿಮೆ ಮೂಡಲೇ ಇಲ್ಲ. ಎಲ್ಲರೂ ಹಿಗ್ಗಿದರು. ಮನುಷ್ಯರ ಮೇಲಿನ ಪ್ರಯೋಗವನ್ನು ಮಾತ್ರ 2002ರಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರಲ್ಲಿ ಶೇ 6ರಷ್ಟು ಜನಕ್ಕೆ ಮಿದುಳಿನ ಉರಿಯೂತ ಬಂದಿತ್ತು. ಅದಕ್ಕಿಂತ ಕಸಿವಿಸಿ ತಂದದ್ದು ಮುಂದೆ ತೀರಿಕೊಂಡ ಕೆಲವರ ಮರಣೋತ್ತರ ಪರೀಕ್ಷೆ. ಗಂಟುಗಳು ಬಹುಮಟ್ಟಿಗೆ ಕರಗಿದ್ದವು, ಮರೆವು ಮಾತ್ರ ಕೊನೆತನಕ ಬೆಳೆಯುತ್ತಲೇ ಇತ್ತು.

ಇಲಿಯಲ್ಲಿ ನಾವು ಕಂಡದ್ದು ಅಮೈಲಾಯ್ಡನ್ನು, ಇಡೀ ಆಲ್ಝೈಮರನ್ನಲ್ಲ ಎಂಬುದು ಆಗಲೇ ತಿಳಿಯಬೇಕಿತ್ತು. ಟಿಜಿ2576 ಮಿದುಳಲ್ಲಿ ಟಾವ್ ಪ್ರೋಟೀನಿನ ಸಿಕ್ಕುಗಳಿಲ್ಲ, ನರಕೋಶಗಳ ದೊಡ್ಡ ಸಾವೂ ಇಲ್ಲ. ರೋಗಿಯ ಮಿದುಳಲ್ಲಿ ಎರಡೂ ಇವೆ.

ಹಾಗೆಂದು ಇಲಿಯ ಪಾಡು ವ್ಯರ್ಥವಾಗಲಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಇಲಿಗಳ ಮೇಲೆ ಪರೀಕ್ಷೆಗೊಂಡ ಪ್ರತಿಕಾಯದಿಂದ ಲೆಕಾನೆಮಾಬ್ ಎಂಬ ಔಷಧ ಬಂತು. 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಹದಿನೆಂಟು ತಿಂಗಳಲ್ಲಿ ಅದು ಕಾಯಿಲೆಯ ಇಳಿಜಾರನ್ನು ಶೇ 27ರಷ್ಟು ನಿಧಾನಗೊಳಿಸಿತು, ನಿಲ್ಲಿಸಲಿಲ್ಲ. ಕೆಲವರಿಗೆ ಮಿದುಳಿನ ಊತ, ರಕ್ತಸ್ರಾವವೂ ಆಯಿತು. ಮನುಷ್ಯರಲ್ಲಿ ಗಂಟು ಕಟ್ಟುವುದು ಮರೆವಿಗಿಂತ ಹದಿನೈದು–ಇಪ್ಪತ್ತು ವರ್ಷ ಮೊದಲೇ. ಅದಕ್ಕೇ ಈಗ ಮಿದುಳಲ್ಲಿ ಅಮೈಲಾಯ್ಡ್ ಇದ್ದೂ ನೆನಪು ನೆಟ್ಟಗಿರುವವರಿಗೆ ಇದೇ ಔಷಧ ಕೊಟ್ಟು ನೋಡುವ ಪ್ರಯೋಗ ಶುರುವಾಗಿದೆ.